ಸ್ಟಾಕ್ ಟರ್ಬೊ ಕಾರಿಗೆ ದೊಡ್ಡ ಇಂಟರ್‌ಕೂಲರ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನೆಕ್ಸಾನ್, ವೆನ್ಯೂ, ಫ್ರಾಂಕ್ಸ್, ವರ್ಟಸ್, ಸ್ಲಾವಿಯಾ, ಥಾರ್. ಟರ್ಬೊ ಪೆಟ್ರೋಲ್ ಕಾರುಗಳು ಈಗ ಪ್ರತಿ ಬೀದಿಯಲ್ಲೂ ಇವೆ. ಕಾರು ತಗೊಂಡು ಒಂದೆರಡು ವರ್ಷ ಆದ ಮೇಲೆ ತುಂಬ ಜನರ ತಲೆಗೆ ಒಂದೇ ಯೋಚನೆ ಬರುತ್ತದೆ: ಬೇರೆ ಏನನ್ನೂ ಮುಟ್ಟದೆ ಇಂಟರ್‌ಕೂಲರ್ ಒಂದನ್ನು ದೊಡ್ಡದು ಮಾಡಿಸಿದರೆ ಹೇಗೆ? ಅದಕ್ಕೆ ಸಂಬಂಧಪಟ್ಟ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ, ಆ ಗಾಳಿ ಎಂಜಿನ್ ಸೇರುವ ಮೊದಲು ಅದನ್ನು ತಣಿಸುವುದು ಇಂಟರ್‌ಕೂಲರ್. ಇಲ್ಲಿ ಸ್ಟಾಕ್ ಎಂದರೆ ಟರ್ಬೊ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒಳಗಿನ ಮ್ಯಾಪ್ ಅಂದರೆ ಸೆಟ್ಟಿಂಗ್, ಎಕ್ಸಾಸ್ಟ್ ಎಲ್ಲ ಕಂಪನಿಯಿಂದ ಬಂದ ಹಾಗೇ ಇರುವ ಕಾರು.

ಇಂಟರ್‌ಕೂಲರ್ ಒಂದನ್ನೇ ಬದಲಾಯಿಸಿದರೆ ಪವರ್ ಜಾಸ್ತಿ ಆಗುತ್ತಾ?

ಹೊಸದಾಗಿ ಪವರ್ ಹುಟ್ಟುವುದಿಲ್ಲ. ಬಿಸಿಯಿಂದ ಕಳೆದುಹೋಗುತ್ತಿದ್ದ ಪವರ್ ವಾಪಸ್ ಬರಬಹುದು, ಅಷ್ಟೇ. ನಿಮ್ಮ ಕಾರು ಬಿಸಿಗೆ ಏನೂ ಕಳೆದುಕೊಳ್ಳುತ್ತಿಲ್ಲ ಅಂದರೆ ವಾಪಸ್ ಬರುವುದಕ್ಕೂ ಏನೂ ಇಲ್ಲ. ಆದ್ದರಿಂದ ಯಾವ ಇಂಟರ್‌ಕೂಲರ್ ಒಳ್ಳೆಯದು ಎಂದು ಹುಡುಕುವ ಮೊದಲು, ನನ್ನ ಕಾರು ಬಿಸಿಗೆ ಎಷ್ಟು ಕಳೆದುಕೊಳ್ಳುತ್ತಿದೆ ಎಂದು ನೋಡಿಕೊಳ್ಳಿ. ಅದನ್ನು ಅಳೆಯಬಹುದು. ಅಳೆಯುವ ಕ್ರಮ ಕೆಳಗಿದೆ.

ಟರ್ಬೊದಿಂದ ಬರುವ ಗಾಳಿ ಯಾಕೆ ಬಿಸಿ ಆಗುತ್ತದೆ? ಎಷ್ಟು ಬಿಸಿ?

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬೆಚ್ಚಗಾಗುವುದು ಎಲ್ಲರಿಗೂ ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಟರ್ಬೊ ಮಾಡುವುದೂ ಅದೇ ಕೆಲಸ, ತುಂಬ ವೇಗವಾಗಿ.

ಒಂದು ಲೆಕ್ಕ ಹಾಕೋಣ. ಹೊರಗೆ 35 ಡಿಗ್ರಿ ಇದೆ. ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸುತ್ತಿದೆ. ಸಮುದ್ರ ಮಟ್ಟದಲ್ಲಿ ಹೇಳುವುದಾದರೆ ಸುಮಾರು 1 ಬಾರ್ ಬೂಸ್ಟ್. ಬೂಸ್ಟ್ ಅಂದರೆ ಹೊರಗಿನ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ, ಬಾರ್ ಒತ್ತಡದ ಅಳತೆ. ಟರ್ಬೊದ ದಕ್ಷತೆ 70 ಶೇಕಡಾ ಎಂದು ಇಟ್ಟುಕೊಂಡರೆ, ಹೊರಬರುವ ಗಾಳಿ 130 ಡಿಗ್ರಿ ಆಸುಪಾಸು ಇರುತ್ತದೆ. ಕುದಿಯುವ ನೀರಿಗಿಂತ ಬಿಸಿ. ಇದನ್ನು ಹಾಗೇ ಎಂಜಿನ್‌ಗೆ ಕೊಟ್ಟರೆ ಎರಡು ತೊಂದರೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಅಂದರೆ ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ. ಜೊತೆಗೆ ಪೆಟ್ರೋಲ್ ಎಂಜಿನ್‌ನಲ್ಲಿ ನಾಕಿಂಗ್ ಶುರುವಾಗುತ್ತದೆ. ಸ್ಪಾರ್ಕ್‌ನಿಂದ ಹೊತ್ತಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುವುದು ನಾಕಿಂಗ್.

ಇಂಟರ್‌ಕೂಲರ್ ಈ ಗಾಳಿಯನ್ನು ತಣಿಸುತ್ತದೆ. ಒಳಬಂದ ಬಿಸಿ ಮತ್ತು ಹೊರಗಿನ ಗಾಳಿಯ ಬಿಸಿ, ಇವೆರಡರ ನಡುವಿನ ಅಂತರದಲ್ಲಿ ಎಷ್ಟನ್ನು ಅದು ತೆಗೆಯುತ್ತದೆ ಎನ್ನುವುದು ಅದರ ಸಾಮರ್ಥ್ಯ. ಅಂತರದ 70 ಶೇಕಡಾ ತೆಗೆದರೆ ಎಂಜಿನ್‌ಗೆ 64 ಡಿಗ್ರಿ ಗಾಳಿ ಹೋಗುತ್ತದೆ. 85 ಶೇಕಡಾ ತೆಗೆದರೆ 50 ಡಿಗ್ರಿ. ಈ 14 ಡಿಗ್ರಿ ವ್ಯತ್ಯಾಸದಿಂದ ಗಾಳಿಯ ಸಾಂದ್ರತೆ ನಾಲ್ಕೂವರೆ ಶೇಕಡಾದಷ್ಟು ಏರುತ್ತದೆ. ಸಾಧಾರಣ ಇಂಟರ್‌ಕೂಲರ್‌ಗೂ ತುಂಬ ಒಳ್ಳೆಯದಕ್ಕೂ ಇರುವ ದೂರ ಇಷ್ಟೇ. ಯಾರಾದರೂ ಸ್ಟಾಕ್ ಕಾರಿನಲ್ಲಿ 20 ಶೇಕಡಾ ಪವರ್ ಏರುತ್ತದೆ ಎಂದು ಹೇಳಿದರೆ ಈ ಲೆಕ್ಕ ನೆನಪಿರಲಿ.

ಸರಿ, ನಾಲ್ಕೂವರೆ ಶೇಕಡಾ ಆದರೂ ಸಿಗುತ್ತಲ್ವಾ? 120 ಪಿಎಸ್ (ಅಶ್ವಶಕ್ತಿ) ಕಾರಿಗೆ 5 ಪಿಎಸ್?

ಈಗಿನ ಕಾರುಗಳಲ್ಲಿ ಅಷ್ಟೂ ಸಿಗುವುದಿಲ್ಲ. ಕಾರಣ ಇಸಿಯು.

ನೀವು ಆಕ್ಸಿಲರೇಟರ್ ಒತ್ತಿದಾಗ ಇಸಿಯು ಅದನ್ನು ಇಷ್ಟು ಟಾರ್ಕ್ (ತಿರುಗಿಸುವ ಬಲ) ಬೇಕು ಎಂಬ ಬೇಡಿಕೆಯಾಗಿ ಓದುತ್ತದೆ. ಆ ಟಾರ್ಕ್‌ಗೆ ಎಷ್ಟು ಗ್ರಾಂ ಗಾಳಿ ಬೇಕು ಎಂದು ಲೆಕ್ಕ ಹಾಕುತ್ತದೆ. ಅಷ್ಟು ಗಾಳಿ ಬರುವ ಹಾಗೆ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಮತ್ತು ವೇಸ್ಟ್‌ಗೇಟ್ (ಟರ್ಬೊ ಎಷ್ಟು ಒತ್ತಬೇಕು ಎಂದು ನಿಯಂತ್ರಿಸುವ ಕವಾಟ) ಎರಡನ್ನೂ ಹೊಂದಿಸುತ್ತದೆ. ಬಾಷ್ ಕಂಪನಿಯ ಎಂಇ7 ಇಸಿಯು ಕಾಲದಿಂದ, ಅಂದರೆ 1990ರ ದಶಕದ ಕೊನೆಯಿಂದ, ಪೆಟ್ರೋಲ್ ಕಾರುಗಳು ಹೆಚ್ಚಾಗಿ ಈ ದಾರಿಯಲ್ಲೇ ಇವೆ. ಈಗ ನೀವು ತಣ್ಣನೆಯ, ದಟ್ಟವಾದ ಗಾಳಿ ಕೊಟ್ಟಿರಿ. ಇಸಿಯು ಏನು ಮಾಡುತ್ತದೆ? ಬೇಕಾದಷ್ಟು ಗಾಳಿ ಕಡಿಮೆ ಬೂಸ್ಟ್‌ನಲ್ಲೇ ಬಂತಲ್ಲ ಎಂದು ಬೂಸ್ಟ್ ಇಳಿಸುತ್ತದೆ. ಟಾರ್ಕ್ ಅಲ್ಲೇ ನಿಲ್ಲುತ್ತದೆ.

ಹಾಗಂತ ಲಾಭ ಇಲ್ಲವೇ ಇಲ್ಲ ಅಂತಲ್ಲ. ಟರ್ಬೊ ಮೇಲಿನ ಹೊರೆ ಸ್ವಲ್ಪ ಇಳಿಯುತ್ತದೆ. ಮುಖ್ಯವಾಗಿ ಸ್ಪಾರ್ಕ್ ಟೈಮಿಂಗ್, ಅಂದರೆ ಯಾವ ಕ್ಷಣಕ್ಕೆ ಸ್ಪಾರ್ಕ್ ಕೊಡಬೇಕು ಎನ್ನುವುದು, ಸರಿಯಾಗಿ ಉಳಿಯುತ್ತದೆ. ಒಳಹೋಗುವ ಗಾಳಿ ಬಿಸಿಯಾದಾಗ ಇಸಿಯು ನಾಕಿಂಗ್ ತಪ್ಪಿಸಲು ಸ್ಪಾರ್ಕನ್ನು ತಡ ಮಾಡುತ್ತದೆ, ಅದರಿಂದ ಪವರ್ ಇಳಿಯುತ್ತದೆ. ಬಿಸಿ ಇನ್ನೂ ಏರಿದರೆ ಬೂಸ್ಟನ್ನೂ ಕಡಿತ ಮಾಡುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಕಾರು ಮಂಕಾಗಿ ಓಡುವುದಕ್ಕೆ ಇದೇ ದೊಡ್ಡ ಕಾರಣ. ಒಳ್ಳೆಯ ಇಂಟರ್‌ಕೂಲರ್ ಈ ಕಡಿತವನ್ನು ತಡೆಯುತ್ತದೆ. ಬೆಳಗ್ಗೆ 6 ಗಂಟೆಗೆ ಕಾರು ಹೇಗೆ ಓಡುತ್ತದೋ ಮಧ್ಯಾಹ್ನ 2 ಗಂಟೆಗೂ ಹೆಚ್ಚುಕಡಿಮೆ ಹಾಗೇ ಓಡುತ್ತದೆ. ನನ್ನ ಮಟ್ಟಿಗೆ ಸ್ಟಾಕ್ ಕಾರಿನಲ್ಲಿ ದುಡ್ಡು ಕೊಡುವುದಕ್ಕೆ ಅರ್ಥ ಇರುವುದು ಇದೊಂದಕ್ಕೇ.

ಹಳೆಯ ಟರ್ಬೊ ಕಾರುಗಳಲ್ಲಿ ಇಂಟರ್‌ಕೂಲರ್ ಹಾಕಿ ತುಂಬ ಪವರ್ ಪಡೆದರಲ್ಲ?

ಪಡೆದರು, ನಿಜ. ಪೋರ್ಷೆ 911 ಟರ್ಬೊ 1975ರಲ್ಲಿ ಬಂದಾಗ ಅದಕ್ಕೆ ಇಂಟರ್‌ಕೂಲರ್ ಇರಲಿಲ್ಲ. 260 ಪಿಎಸ್ ಇತ್ತು. 1978ರ ಮಾದರಿಗೆ ಇಂಟರ್‌ಕೂಲರ್ ಬಂತು, 300 ಪಿಎಸ್ ಆಯಿತು. ಆದರೆ ಅದೇ ಸಲ ಎಂಜಿನನ್ನೂ 3.0 ಲೀಟರ್‌ನಿಂದ 3.3 ಲೀಟರ್‌ಗೆ ಏರಿಸಿದ್ದರು. ಅದನ್ನು ಹೇಳದೆ 40 ಪಿಎಸ್ ಪೂರ್ತಿ ಇಂಟರ್‌ಕೂಲರ್‌ನದೇ ಎನ್ನುವುದು ಸರಿಯಲ್ಲ.

ಏನೂ ಇಲ್ಲದ ಜಾಗಕ್ಕೆ ಇಂಟರ್‌ಕೂಲರ್ ತರುವುದು ಬೇರೆ, ಇರುವುದನ್ನು ದೊಡ್ಡದು ಮಾಡುವುದು ಬೇರೆ. ಮೊದಲನೆಯದರಲ್ಲಿ 130 ಡಿಗ್ರಿ ಗಾಳಿ ಒಮ್ಮೆಗೇ 60ಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ 64 ಇದ್ದದ್ದು 50 ಆಗುತ್ತದೆ. ಜೊತೆಗೆ ಆಗಿನ ಕಾರುಗಳಲ್ಲಿ ಬೂಸ್ಟನ್ನು ಒಂದು ಸ್ಪ್ರಿಂಗ್ ನಿರ್ಧರಿಸುತ್ತಿತ್ತು. ಗಾಳಿ ದಟ್ಟವಾದರೂ ಬೂಸ್ಟ್ ಇಳಿಸುವ ಇಸಿಯು ಇರಲಿಲ್ಲ.

ಕಂಪನಿಯೇ ತೀರಾ ಚಿಕ್ಕ ಇಂಟರ್‌ಕೂಲರ್ ಕೊಟ್ಟ ಕಾರುಗಳೂ ಇವೆ. ನಮ್ಮಲ್ಲಿ 1.8 ಲೀಟರ್ ಟರ್ಬೊ ಎಂಜಿನ್‌ನೊಂದಿಗೆ ಬಂದ ಮೊದಲ ಆಕ್ಟೇವಿಯಾ ಆರ್‌ಎಸ್ ಒಂದು ಉದಾಹರಣೆ. ಅದರ ಇಂಟರ್‌ಕೂಲರ್ ಬಂಪರ್‌ನ ಮೂಲೆಯಲ್ಲಿ, ಚಕ್ರದ ಹತ್ತಿರ ಕೂತಿದೆ. ಬಿಎಂಡಬ್ಲ್ಯು 335ಐ ಕಾರಿನ ಎನ್54 ಎಂಜಿನ್ ಇನ್ನೊಂದು. ಅವಳಿ ಟರ್ಬೊ ಎಂಜಿನ್‌ಗೆ ಹೋಲಿಸಿದರೆ ಇಂಟರ್‌ಕೂಲರ್ ಚಿಕ್ಕದು. ಜೋರಾಗಿ ಎರಡು ಮೂರು ಸಲ ಓಡಿಸಿದರೆ ಬಿಸಿ ಏರುತ್ತಾ ಹೋಗುತ್ತದೆ. ಇಂಥ ಕಾರು ನಿಮ್ಮದಾದರೆ ಸ್ಟಾಕ್ ಮ್ಯಾಪ್‌ನಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ.

ನನ್ನ ಕಾರಿಗೆ ಬೇಕೋ ಬೇಡವೋ ಎಂದು ಹೇಗೆ ತಿಳಿಯುವುದು?

ಈ ಪ್ರಶ್ನೆಗೆ ಸ್ವಲ್ಪ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಇಸಿಯುನಲ್ಲಿರುವ ಸಂಖ್ಯೆಗಳನ್ನು ಫೋನ್‌ಗೆ ಕಳಿಸುವ ಸಾಧನ) ಒಂದು ತಗೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿ, ಫೋನ್‌ನಲ್ಲಿ ಆ್ಯಪ್ ತೆರೆದು, ಇನ್‌ಟೇಕ್ ಗಾಳಿಯ ತಾಪಮಾನ ಮತ್ತು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಎರಡನ್ನೂ ರೆಕಾರ್ಡ್‌ಗೆ ಹಾಕಿ. ಸ್ಪಾರ್ಕ್ ಟೈಮಿಂಗ್ ಸಿಕ್ಕರೆ ಅದನ್ನೂ ಸೇರಿಸಿ.

ಮೊದಲು ಸೆನ್ಸರ್ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಕೆಲವು ಕಾರುಗಳಲ್ಲಿ ತಾಪಮಾನದ ಸೆನ್ಸರ್ ಏರ್ ಫಿಲ್ಟರ್ ಪಕ್ಕ, ಟರ್ಬೊಗಿಂತ ಮೊದಲೇ ಇರುತ್ತದೆ. ಅದು ಹೊರಗಿನ ಗಾಳಿಯನ್ನಷ್ಟೇ ಹೇಳುತ್ತದೆ. ಇಂಟರ್‌ಕೂಲರ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಎರಡು ಸೆನ್ಸರ್ ಇರುತ್ತವೆ. ನಿಮಗೆ ಬೇಕಾದ್ದು ಇಂಟರ್‌ಕೂಲರ್ ದಾಟಿದ ಮೇಲಿನದು. ಪತ್ತೆ ಮಾಡುವುದು ಸುಲಭ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸಂಖ್ಯೆ ಏರಿದರೆ ಸೆನ್ಸರ್ ಟರ್ಬೊ ನಂತರ ಇದೆ. ಕದಲದಿದ್ದರೆ ಅಥವಾ ಇಳಿದರೆ ಟರ್ಬೊಗೆ ಮೊದಲೇ ಇದೆ.

ಆಮೇಲೆ ಬಿಸಿಲಿನ ದಿನ ಖಾಲಿ ರಸ್ತೆಗೆ ಹೋಗಿ. ಎಂಜಿನ್ ಪೂರ್ತಿ ಬೆಚ್ಚಗಾಗಿರಲಿ. ಹತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ, ತಾಪಮಾನ ನೋಡಿ. ನಂತರ ಏರು ರಸ್ತೆಯಲ್ಲಿ, ವೇಗ ಮಿತಿಯೊಳಗೇ, ಎರಡನೇ ಅಥವಾ ಮೂರನೇ ಗೇರ್‌ನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಸ್ವಲ್ಪ ಬಿಟ್ಟು ಮತ್ತೆ ಒತ್ತಿ. ಹೀಗೆ ಮೂರ್ನಾಲ್ಕು ಸಲ. ಫೋನನ್ನು ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ.

ನನ್ನ ಅಳತೆಗೋಲು ಇದು. ಪ್ರತಿ ಸಲ ಕೊನೆಯಲ್ಲಿ ಗಾಳಿ ಹೊರಗಿನದಕ್ಕಿಂತ 20 ಡಿಗ್ರಿ ಒಳಗೆ ಜಾಸ್ತಿ ಇದ್ದರೆ ಇಂಟರ್‌ಕೂಲರ್ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ. 30ರ ಹತ್ತಿರ ಹೋಗಿ, ಕಾಲು ತೆಗೆದ ಕೂಡಲೇ ಇಳಿದರೆ ಸ್ಟಾಕ್ ಕಾರಿಗೆ ಅದೂ ಸಾಕು. 40 ದಾಟಿ, ಎರಡನೇ ಸಲ ಶುರುವಾಗುವಾಗಲೇ ಮೊದಲಿಗಿಂತ ಬಿಸಿ ಇದ್ದು, ಮೂರನೇ ಸಲಕ್ಕೆ ಇನ್ನೂ ಏರಿದರೆ ಇಂಟರ್‌ಕೂಲರ್ ಕೈಚೆಲ್ಲುತ್ತಿದೆ ಎಂದರ್ಥ. ಜೊತೆಗೆ ಟೈಮಿಂಗ್ ಸಂಖ್ಯೆ ಕೂಡ ಸಲದಿಂದ ಸಲಕ್ಕೆ ಇಳಿಯುತ್ತಿದ್ದರೆ (ಅಂದರೆ ಸ್ಪಾರ್ಕ್ ತಡವಾಗುತ್ತಿದ್ದರೆ) ಅನುಮಾನವೇ ಬೇಡ, ಪವರ್ ಅಲ್ಲೇ ಸೋರುತ್ತಿದೆ.

ಟ್ರಾಫಿಕ್‌ನಲ್ಲಿ ಕಾರು ಮಂಕಾಗುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿದರೆ ಸರಿಹೋಗುತ್ತಾ?

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತರೆ ಯಾವ ಇಂಟರ್‌ಕೂಲರ್ ಆದರೂ ಕಾಯುತ್ತದೆ. ಅದಕ್ಕೆ ಬೇಕಾದ್ದು ಎದುರಿನಿಂದ ಬರುವ ಗಾಳಿ. ಕಾರು ನಿಂತಿದ್ದರೆ ಗಾಳಿ ಎಲ್ಲಿಂದ ಬರಬೇಕು? ಎಸಿ ಕಂಡೆನ್ಸರ್‌ನ ಬಿಸಿ, ರೇಡಿಯೇಟರ್‌ನ ಬಿಸಿ, ಮುಂದಿನ ಬಸ್ಸಿನ ಹೊಗೆ ಎಲ್ಲ ಸೇರಿ ಇಂಟರ್‌ಕೂಲರನ್ನೇ ಬೇಯಿಸುತ್ತವೆ. ದೊಡ್ಡದು ಕಾಯುವುದಕ್ಕೆ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಆದರೆ ಒಮ್ಮೆ ಕಾದ ಮೇಲೆ ತಣ್ಣಗಾಗುವುದಕ್ಕೂ ಜಾಸ್ತಿ ಹೊತ್ತು ಬೇಕು. ಬರೀ ಊರೊಳಗೆ ಓಡಿಸುವವರಿಗೆ ಇದರಿಂದ ಸಿಗುವುದು ಕಡಿಮೆ. ಟ್ರಾಫಿಕ್ ದಾಟಿ ಒಂದು ನಿಮಿಷ ಓಡಿದ ಮೇಲೆ ಸ್ಟಾಕ್ ಇಂಟರ್‌ಕೂಲರ್ ಕೂಡ ತಾನಾಗಿ ಚೇತರಿಸಿಕೊಳ್ಳುತ್ತದೆ.

ಘಾಟಿಯಲ್ಲಿ?

ಸ್ಟಾಕ್ ಕಾರಿಗೂ ಇಂಟರ್‌ಕೂಲರ್ ನಿಜವಾಗಿ ಕಷ್ಟ ಕೊಡುವ ಜಾಗ ಇದೇ. ಶಿರಾಡಿ ಅಥವಾ ಚಾರ್ಮಾಡಿ ಹತ್ತುವಾಗ ವೇಗ 30, 40 ಕಿಮೀ. ಎದುರುಗಾಳಿ ಕಡಿಮೆ. ಆದರೆ ಎಂಜಿನ್ ಮೇಲೆ ಹೊರೆ ಪೂರ್ತಿ. ಐದು ಜನ, ಲಗೇಜು, ಎಸಿ, ಮುಂದೆ ಲಾರಿ. ಲಾರಿ ಓವರ್‌ಟೇಕ್ ಮಾಡಲು ಒತ್ತಿದಾಗ ಕಾರು ಎಳೆಯುವುದಿಲ್ಲ ಎಂಬ ದೂರು ಬರುವುದು ಇಲ್ಲೇ. ವಾರಕ್ಕೊಮ್ಮೆ ಘಾಟಿ ಹತ್ತಿ ಇಳಿಯುವವರು ಆ ದಾರಿಯಲ್ಲೇ ಮೇಲಿನ ಅಳತೆ ಮಾಡಿ ನೋಡಿ. ಸಂಖ್ಯೆ ಕೆಟ್ಟದಾಗಿ ಬಂದರೆ ದುಡ್ಡು ಹಾಕುವುದಕ್ಕೆ ಕಾರಣ ಇದೆ.

ಬೆಂಗಳೂರು ತಂಪು ಊರು. ಇಲ್ಲಿ ಇಂಟರ್‌ಕೂಲರ್‌ಗೆ ಕೆಲಸ ಕಡಿಮೆ ಅಲ್ವಾ?

ಹಾಗೆ ಅನ್ನಿಸುತ್ತದೆ, ಲೆಕ್ಕ ಬೇರೆ ಹೇಳುತ್ತದೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತು ಶೇಕಡಾದಷ್ಟು ಕಡಿಮೆ. ಇಸಿಯು ಮ್ಯಾನಿಫೋಲ್ಡ್‌ನಲ್ಲಿ ಅದೇ ಒತ್ತಡ ಬೇಕೆಂದು ಕೇಳಿದರೆ ಟರ್ಬೊ ಇಲ್ಲಿ ಜಾಸ್ತಿ ಒತ್ತಬೇಕು. ಮಂಗಳೂರಿನ 33 ಡಿಗ್ರಿ ಗಾಳಿಯನ್ನು 2 ಬಾರ್ ಒಟ್ಟು ಒತ್ತಡಕ್ಕೆ ತಂದರೆ ಟರ್ಬೊದಿಂದ 127 ಡಿಗ್ರಿ ಗಾಳಿ ಬರುತ್ತದೆ. ಬೆಂಗಳೂರಿನ 28 ಡಿಗ್ರಿ ಗಾಳಿಯನ್ನು ಅದೇ 2 ಬಾರ್‌ಗೆ ತಂದರೆ 137 ಡಿಗ್ರಿ. ಹೊರಗೆ ಐದು ಡಿಗ್ರಿ ತಂಪು, ಒಳಗೆ ಹತ್ತು ಡಿಗ್ರಿ ಬಿಸಿ. ಹೊರಗಿನ ಗಾಳಿ ತಂಪಾಗಿರುವುದರಿಂದ ಇಂಟರ್‌ಕೂಲರ್ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೂ ಅದು ಕೈಕಟ್ಟಿ ಕೂತಿಲ್ಲ.

ನನ್ನದು ವರ್ಟಸ್. ಬಂಪರ್ ಹಿಂದೆ ದೊಡ್ಡ ಇಂಟರ್‌ಕೂಲರ್ ಹಾಕಿಸಬಹುದಾ?

ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್ ಇಟ್ಟುಕೊಂಡವರು ಇದನ್ನು ಗಮನಿಸಿ. ಇವುಗಳ 1.0 ಮತ್ತು 1.5 ಟಿಎಸ್‌ಐ ಎಂಜಿನ್‌ಗಳಲ್ಲಿ ಇಂಟರ್‌ಕೂಲರನ್ನು ತಣಿಸುವುದು ಎದುರುಗಾಳಿ ಅಲ್ಲ, ಕೂಲಂಟ್. 1.0 ಎಂಜಿನ್‌ನಲ್ಲಂತೂ ಅದು ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಕೂತಿದೆ. ಅದಕ್ಕೆ ಬೇರೆಯದೇ ಕೂಲಂಟ್ ದಾರಿ, ಒಂದು ಎಲೆಕ್ಟ್ರಿಕ್ ಪಂಪ್, ಮುಂದೆ ಒಂದು ಪ್ರತ್ಯೇಕ ರೇಡಿಯೇಟರ್ ಇವೆ. ಟರ್ಬೊದಿಂದ ಎಂಜಿನ್‌ವರೆಗಿನ ಪೈಪ್ ಚಿಕ್ಕದು. ಈ ಕಾರುಗಳ ಪಿಕಪ್ ಚುರುಕಾಗಿರುವುದಕ್ಕೆ ಅದೂ ಒಂದು ಕಾರಣ.

ಇದನ್ನು ಕಿತ್ತು ಮುಂದೆ ಗಾಳಿಯ ಇಂಟರ್‌ಕೂಲರ್ ಹಾಕುವುದು ಅಂದರೆ ಕಂಪನಿ ಕೊಟ್ಟ ಒಂದು ಒಳ್ಳೆಯ ವ್ಯವಸ್ಥೆಯನ್ನೇ ಬಿಚ್ಚಿದ ಹಾಗೆ. ಸ್ಟಾಕ್ ಕಾರಿಗೆ ಖಂಡಿತ ಬೇಡ. ಬಿಸಿ ಜಾಸ್ತಿ ಕಾಣುತ್ತಿದ್ದರೆ ಕೂಲಂಟ್ ಮಟ್ಟ ನೋಡಿ, ಆ ಪಂಪ್ ಓಡುತ್ತಿದೆಯಾ ಎಂದು ಪರೀಕ್ಷೆ ಮಾಡಿಸಿ, ಮುಂದಿನ ರೇಡಿಯೇಟರ್ ತೊಳೆಸಿ.

ಡೀಸೆಲ್ ಕಾರಿಗೆ ಲಾಭ ಇದೆಯಾ?

ಪವರ್ ವಿಷಯದಲ್ಲಿ ಪೆಟ್ರೋಲ್‌ಗಿಂತಲೂ ಕಡಿಮೆ. ಡೀಸೆಲ್‌ನಲ್ಲಿ ಪೆಟ್ರೋಲಿನ ತರಹದ ನಾಕಿಂಗ್ ಭಯ ಇಲ್ಲ, ಸ್ಪಾರ್ಕ್ ತಡ ಮಾಡುವ ಮಾತೂ ಇಲ್ಲ. ಎಷ್ಟು ಡೀಸೆಲ್ ಸಿಂಪಡಿಸುತ್ತದೋ ಅಷ್ಟು ಪವರ್. ಅದನ್ನು ನಿರ್ಧರಿಸುವುದು ಸ್ಟಾಕ್ ಮ್ಯಾಪ್. ಗಾಳಿ ಜಾಸ್ತಿ ಬಂದರೂ ಮ್ಯಾಪ್ ಡೀಸೆಲ್ ಜಾಸ್ತಿ ಕೊಡುವುದಿಲ್ಲ. ಹೊಗೆ ಕಡಿಮೆಯಾಗಬಹುದು, ಎಕ್ಸಾಸ್ಟ್‌ನ ಬಿಸಿ ಸ್ವಲ್ಪ ಇಳಿಯಬಹುದು. ಟ್ರೇಲರ್ ಎಳೆಯುವವರಿಗೆ ಅದು ಮುಖ್ಯ. ಉಳಿದವರಿಗೆ ಅಲ್ಲ.

ಟಾಟಾ ಲಾರಿಗಳಲ್ಲಿ 697 ಎಂಜಿನ್ ಟಿಸಿ ಎಂದೂ ಟಿಸಿಐಸಿ ಎಂದೂ ಬರುತ್ತಿತ್ತು. ಟಿಸಿ ಅಂದರೆ ಟರ್ಬೊ ಇದೆ, ಕೊನೆಯ ಐಸಿ ಅಂದರೆ ಇಂಟರ್‌ಕೂಲರ್ ಇದೆ ಎಂದರ್ಥ. ಅಲ್ಲಿ ಇಂಟರ್‌ಕೂಲರ್ ಬಂದದ್ದು ಆ ಎಂಜಿನ್‌ಗಾಗಿಯೇ ಹೊಂದಿಸಿದ ಇಂಧನ ವ್ಯವಸ್ಥೆಯ ಜೊತೆ. ಒಂದನ್ನೇ ತಂದು ಸಿಕ್ಕಿಸಿದ್ದಲ್ಲ.

ಬಾನೆಟ್ ಮೇಲೆ ಸ್ಕೂಪ್ ಇರುವ ಗಾಡಿಗಳ ಕಥೆ ಏನು?

ಹಳೆಯ ಸ್ಕಾರ್ಪಿಯೊ, 3.0 ಲೀಟರ್ ಫಾರ್ಚುನರ್, ಸುಬಾರು ಡಬ್ಲ್ಯುಆರ್‌ಎಕ್ಸ್. ಇವುಗಳಲ್ಲಿ ಇಂಟರ್‌ಕೂಲರ್ ಎಂಜಿನ್ ನೆತ್ತಿಯ ಮೇಲೆ ಕೂತಿದೆ. ಬಾನೆಟ್ ಮೇಲೆ ಗಾಳಿ ಹಿಡಿಯುವ ಬಾಯಿ, ಅಂದರೆ ಸ್ಕೂಪ್‌ನಿಂದ ಅದಕ್ಕೆ ಗಾಳಿ. ಪೈಪ್ ಚಿಕ್ಕದಾಗುತ್ತದೆ, ಟರ್ಬೊ ಬೇಗ ಸ್ಪಂದಿಸುತ್ತದೆ. ತೊಂದರೆ ಏನೆಂದರೆ ನಿಧಾನಕ್ಕೆ ಓಡುವಾಗ ಕೆಳಗಿನ ಎಂಜಿನ್ ಅದನ್ನು ಕಾಯಿಸುತ್ತದೆ. ಇಲ್ಲಿ ಇಂಟರ್‌ಕೂಲರ್ ಬದಲಿಸುವ ಮೊದಲು ಸ್ಕೂಪ್ ಕೆಳಗಿನ ರಬ್ಬರ್ ಬೀಡಿಂಗ್ ನೋಡಿ. ಅದು ಹರಿದಿದ್ದರೆ ಗಾಳಿ ಇಂಟರ್‌ಕೂಲರ್ ಒಳಗೆ ಹೋಗದೆ ಪಕ್ಕದಿಂದ ಜಾರಿಹೋಗುತ್ತದೆ. ಕೆಲವೇ ನೂರು ರೂಪಾಯಿಯ ಕೆಲಸ.

ದೊಡ್ಡದು ಹಾಕಿದರೆ ಟರ್ಬೊ ಲ್ಯಾಗ್ ಜಾಸ್ತಿ ಆಗುತ್ತಾ?

ಲ್ಯಾಗ್ ಅಂದರೆ ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರಲು ಹಿಡಿಯುವ ಹೊತ್ತು. ಅದು ಜನ ಹೆದರುವಷ್ಟು ಏರುವುದಿಲ್ಲ. 1 ಲೀಟರ್ ಎಂಜಿನ್ 3000 ಆರ್‌ಪಿಎಂನಲ್ಲಿ, 1 ಬಾರ್ ಬೂಸ್ಟ್ ಇರುವಾಗ, ಸೆಕೆಂಡಿಗೆ ಸುಮಾರು 50 ಲೀಟರ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಹೊಸ ಇಂಟರ್‌ಕೂಲರ್ ಮತ್ತು ಪೈಪ್ ಸೇರಿ ಒಳಗಿನ ಜಾಗ 5 ಲೀಟರ್ ಹೆಚ್ಚಿದರೆ, ಅದನ್ನು ತುಂಬಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಕಡಿಮೆ ಆರ್‌ಪಿಎಂನಲ್ಲಿ ಸ್ವಲ್ಪ ಜಾಸ್ತಿ. ಲ್ಯಾಗ್ ಗಮನಕ್ಕೆ ಬರುವಷ್ಟು ಏರಿದರೆ ಪೈಪ್ ತೀರಾ ದಪ್ಪ ಹಾಕಿದ್ದಾರೆ, ಅಥವಾ ಎಲ್ಲೋ ಗಾಳಿ ಲೀಕ್ ಇದೆ.

ಬಾರ್ ಆಂಡ್ ಪ್ಲೇಟ್ ಒಳ್ಳೆಯದಾ, ಟ್ಯೂಬ್ ಆಂಡ್ ಫಿನ್ ಒಳ್ಳೆಯದಾ?

ಇವು ಇಂಟರ್‌ಕೂಲರ್ ಕಟ್ಟುವ ಎರಡು ಬಗೆ. ಬಾರ್ ಆಂಡ್ ಪ್ಲೇಟ್ ಭಾರ. ಹೆಚ್ಚು ಬಿಸಿ ಹೀರಿಕೊಳ್ಳುತ್ತದೆ, ಕಲ್ಲಿನ ಏಟು ತಡೆಯುತ್ತದೆ. ಟ್ಯೂಬ್ ಆಂಡ್ ಫಿನ್ ಹಗುರ. ಹಿಂದಿರುವ ರೇಡಿಯೇಟರ್‌ಗೆ ಗಾಳಿ ಚೆನ್ನಾಗಿ ಬಿಡುತ್ತದೆ. ಸ್ಟಾಕ್ ಕಾರನ್ನು ನಮ್ಮ ಬೇಸಿಗೆಯಲ್ಲಿ ಎಸಿ ಹಾಕಿ ಓಡಿಸುವವರಿಗೆ ನಾನು ಟ್ಯೂಬ್ ಆಂಡ್ ಫಿನ್ ಹೇಳುತ್ತೇನೆ. ಇಂಟರ್‌ಕೂಲರ್ ಚೆನ್ನಾಗಿ ತಣಿದು, ರೇಡಿಯೇಟರ್ ಮತ್ತು ಎಸಿ ಕಾದರೆ ಏನು ಬಂತು?

ಅಗ್ಗದ ಇಂಟರ್‌ಕೂಲರ್ ಬಗ್ಗೆ ಒಂದು ಎಚ್ಚರಿಕೆ. ಒಳಗೆ ಫಿನ್ (ಬಿಸಿ ಹೀರುವ ತೆಳು ಲೋಹದ ಪಟ್ಟಿ) ಒತ್ತೊತ್ತಾಗಿದ್ದು ಗಾಳಿ ಸಲೀಸಾಗಿ ಹರಿಯದಿದ್ದರೆ ಒತ್ತಡ ಅಲ್ಲೇ ಬೀಳುತ್ತದೆ. ಬಿದ್ದ ಒತ್ತಡವನ್ನು ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಕಾಯಬೇಕು. ಸ್ಟಾಕ್‌ಗಿಂತ ಕೆಟ್ಟ ಫಲ ಬರುವುದು ಹೀಗೆ. ಗಾತ್ರ ಒಂದನ್ನೇ ನೋಡಿ ಕೊಳ್ಳಬೇಡಿ. ನಿಮ್ಮ ಕಾರಿಗೇ ಮಾಡಿದ್ದು ಸಿಗದಿದ್ದರೆ ಸುಮ್ನೆ ಇದ್ದುಬಿಡಿ.

ಡೈನೊ ಚಾರ್ಟ್‌ನಲ್ಲಿ 10, 15 ಪಿಎಸ್ ತೋರಿಸುತ್ತಾರಲ್ಲ?

ಡೈನೊ ಅಂದರೆ ಪವರ್ ಅಳೆಯುವ ಯಂತ್ರ. ಅದರ ಮೇಲೆ ಕಾರು ನಿಂತಲ್ಲೇ ಓಡುತ್ತದೆ. ಮುಂದೆ ಒಂದು ಫ್ಯಾನ್ ಇಟ್ಟಿರುತ್ತಾರೆ. ಆ ಫ್ಯಾನ್ ಗಾಳಿ ಹೆದ್ದಾರಿಯ ಎದುರುಗಾಳಿಗೆ ಹೆಚ್ಚಾಗಿ ಸಾಟಿ ಆಗುವುದಿಲ್ಲ. ಆದ್ದರಿಂದ ಚಿಕ್ಕ ಸ್ಟಾಕ್ ಇಂಟರ್‌ಕೂಲರ್ ಡೈನೊದಲ್ಲಿ ಬೇಗ ಕಾಯುತ್ತದೆ, ರಸ್ತೆಯಲ್ಲಿ ಅಷ್ಟು ಕಾಯುವುದಿಲ್ಲ. ದೊಡ್ಡದು ತನ್ನ ತೂಕದಿಂದಲೇ ಅಳತೆ ನಡೆಯುವ ಹತ್ತು ಸೆಕೆಂಡು ತಂಪಾಗಿ ಉಳಿಯುತ್ತದೆ. ಚಾರ್ಟ್ ಸುಳ್ಳು ಅಂತಲ್ಲ, ಅದು ಆ ಕೋಣೆಯ ಸತ್ಯ. ಚಾರ್ಟ್ ನೋಡುವಾಗ ಮೂರು ವಿಷಯ ಕೇಳಿ. ಎರಡೂ ಓಟ ಶುರುವಾಗುವಾಗ ಇನ್‌ಟೇಕ್ ತಾಪಮಾನ ಎಷ್ಟಿತ್ತು? ಎರಡೂ ಅದೇ ದಿನ ನಡೆದವಾ? ಕಾರು ನಿಜವಾಗಿ ಸ್ಟಾಕ್ ಮ್ಯಾಪ್‌ನಲ್ಲಿತ್ತಾ? ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಎಷ್ಟೋ ಸಲ ಎಲ್ಲವನ್ನೂ ಹೇಳುತ್ತದೆ.

ಮೈಲೇಜ್?

ಬದಲಾಗುವುದಿಲ್ಲ. ಹದವಾಗಿ ಓಡಿಸುವಾಗ ಟರ್ಬೊ ಹೆಚ್ಚು ಒತ್ತುವುದೇ ಇಲ್ಲ.

ರೀಮ್ಯಾಪ್ ಮಾಡಿಸುವ ಯೋಚನೆ ಇದೆ. ಆಗ?

ರೀಮ್ಯಾಪ್ ಅಂದರೆ ಹೆಚ್ಚು ಬೂಸ್ಟ್ ಬರುವ ಹಾಗೆ ಇಸಿಯು ಮ್ಯಾಪ್ ಬದಲಿಸುವುದು. ಆಗ ವಿಷಯವೇ ಬೇರೆ. ಅದೇ 35 ಡಿಗ್ರಿಯಲ್ಲಿ ಟರ್ಬೊ 2.4 ಪಟ್ಟು ಒತ್ತಿದರೆ ಗಾಳಿ 160 ಡಿಗ್ರಿಗೆ ಹೋಗುತ್ತದೆ. ಚಿಕ್ಕ ಟರ್ಬೊವನ್ನು ಅದರ ಮಿತಿ ಮೀರಿ ತಿರುಗಿಸಿದರೆ ದಕ್ಷತೆ ಬೀಳುತ್ತದೆ, ತಾಪಮಾನ ಇನ್ನೂ ಏರುತ್ತದೆ. ಸ್ಟಾಕ್ ಇಂಟರ್‌ಕೂಲರ್ ಅಷ್ಟು ಬಿಸಿಗೆ ಮಾಡಿದ್ದಲ್ಲ. ರೀಮ್ಯಾಪ್ ಮಾಡಿಸುವುದೇ ಖಚಿತ ಅಂದರೆ ಇಂಟರ್‌ಕೂಲರ್ ಮೊದಲು ಹಾಕಿಸಿ, ಆಮೇಲೆ ಅದನ್ನೇ ಇಟ್ಟುಕೊಂಡು ಮ್ಯಾಪ್ ಮಾಡಿಸಿ. ಉಲ್ಟಾ ಮಾಡಿದರೆ ಮ್ಯಾಪ್‌ಗೆ ಎರಡು ಸಲ ದುಡ್ಡು.

ಅದೇ ದುಡ್ಡಿಗೆ ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ?

ಇಂಟರ್‌ಕೂಲರ್‌ಗೆ ಹೋಗುವ ಮೊದಲು ಇದನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಆಕ್ಟೇನ್ ಅಂದರೆ ಪೆಟ್ರೋಲಿಗೆ ನಾಕಿಂಗ್ ತಡೆಯುವ ಶಕ್ತಿ ಎಷ್ಟಿದೆ ಎನ್ನುವ ಅಳತೆ. ಅದು ಹೆಚ್ಚಿದ್ದರೆ ಇಸಿಯು ಸ್ಪಾರ್ಕನ್ನು ಅಷ್ಟು ತಡ ಮಾಡಬೇಕಾಗಿಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನ್‌ನ ಎಕ್ಸ್‌ಪಿ100 ತಂದಿತು. ಎರಡು ಮೂರು ಟ್ಯಾಂಕ್ ಹಾಕಿಸಿ ಅದೇ ರಸ್ತೆ, ಅದೇ ಬಿಸಿಲಲ್ಲಿ ಟೈಮಿಂಗ್ ನೋಡಿ. ಏರಿದರೆ ನಿಮ್ಮ ಎಂಜಿನ್ ನಾಕಿಂಗ್‌ನಿಂದ ಹಿಂಜರಿಯುತ್ತಿತ್ತು ಎಂದು ತಿಳಿಯುತ್ತದೆ. ಏರದಿದ್ದರೆ ನಾಕಿಂಗ್ ಅಡ್ಡಿ ಆಗಿಲ್ಲ. ಆಗ ಇಂಟರ್‌ಕೂಲರ್‌ನಿಂದ ಸಿಗುವುದೂ ಹೆಚ್ಚೇನಿರುವುದಿಲ್ಲ.

ವಾರಂಟಿ, ಇನ್ಶೂರೆನ್ಸ್, ಆರ್‌ಟಿಒ?

ವಾರಂಟಿ ಇರುವ ಕಾರಿನಲ್ಲಿ ಟರ್ಬೊ ಅಥವಾ ಎಂಜಿನ್ ಕೆಟ್ಟರೆ, ಬದಲಾದ ಇಂಟರ್‌ಕೂಲರ್ ತೋರಿಸಿ ಕ್ಲೇಮ್ ನಿರಾಕರಿಸಬಹುದು. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಮಾರ್ಪಡಿಸುವಂತಿಲ್ಲ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ಇರುವುದು ಬೇರೆ ವಿಷಯದಲ್ಲಿ. ದೊಡ್ಡ ಇಂಟರ್‌ಕೂಲರ್‌ಗೆ ಜಾಗ ಮಾಡಲು ಬಂಪರ್ ಹಿಂದಿನ ಕಬ್ಬಿಣದ ಬೀಮ್ ಕತ್ತರಿಸುವವರಿದ್ದಾರೆ. ಡಿಕ್ಕಿ ಆದಾಗ ಏಟನ್ನು ಮೊದಲು ತಗೊಳ್ಳುವುದು ಆ ಬೀಮ್. ಏರ್‌ಬ್ಯಾಗ್ ತೆರೆಯುವ ಹೊತ್ತನ್ನು ಕಂಪನಿ ಲೆಕ್ಕ ಹಾಕಿರುವುದು ಅದು ಇದೆ ಎಂದು ನಂಬಿ. ಬೀಮ್ ಕತ್ತರಿಸಬೇಕು ಎಂದು ಗ್ಯಾರೇಜ್‌ನವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಯಾವ ಪವರ್‌ಗೂ ಆ ಬೆಲೆ ಕೊಡಬಾರದು.

ಸ್ಟಾಕ್ ಇಂಟರ್‌ಕೂಲರನ್ನೇ ಚೆನ್ನಾಗಿ ಇಟ್ಟುಕೊಳ್ಳುವುದು ಹೇಗೆ?

ಐದು ವರ್ಷ ದಾಟಿದ ಕಾರಾದರೆ ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿಸಲೇಬೇಕು. ಬಂಪರ್ ಬಿಚ್ಚಿಸಿ ನೋಡಿ. ಫಿನ್‌ಗಳ ನಡುವೆ ಕೆಂಪು ಧೂಳು, ಹುಳ, ಎಲೆ ಸಿಕ್ಕಿಕೊಂಡಿರುತ್ತವೆ. ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ. ಜೋರು ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಚಿಹೋಗುತ್ತದೆ. ಮಡಚಿದ ಫಿನ್ ಇದ್ದರೆ ನಿಧಾನಕ್ಕೆ ನೆಟ್ಟಗೆ ಮಾಡಿಸಿ. ಗ್ರಿಲ್ ಮುಂದೆ ಎಕ್ಸ್‌ಟ್ರಾ ಲ್ಯಾಂಪ್ ಹಾಕಿಸಿದ್ದರೆ ಅವು ಗಾಳಿಗೆ ಅಡ್ಡ ಬರುತ್ತಿವೆಯಾ ನೋಡಿ.

ಒಳಗೆ ಸ್ವಲ್ಪ ಎಣ್ಣೆ ಪಸೆ ಇರುವುದು ಸಹಜ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್‌ನಿಂದ ಬರುತ್ತದೆ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಟರ್ಬೊ ಸೀಲ್ ಪರೀಕ್ಷೆ ಮಾಡಿಸಿ. ಡೀಸೆಲ್ ಕಾರಿನಲ್ಲಿ ಇದನ್ನು ಕಡೆಗಣಿಸಲೇಬೇಡಿ. ಕೂತ ಎಣ್ಣೆಯನ್ನು ಎಂಜಿನ್ ಎಳೆದುಕೊಂಡರೆ ಅದನ್ನೇ ಇಂಧನವಾಗಿ ಸುಟ್ಟು, ಕೀ ಆಫ್ ಮಾಡಿದರೂ ನಿಲ್ಲದೆ ಓಡಬಹುದು.

ಕೊನೆಗೆ ಲೀಕ್ ಟೆಸ್ಟ್. ಸ್ಟಾಕ್ ಇಂಟರ್‌ಕೂಲರ್‌ಗಳಲ್ಲಿ ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿ ಅಂಚು ಮಡಿಚಿರುತ್ತಾರೆ. ವರ್ಷ ಕಳೆದಂತೆ ಆ ಸಂದಿಯಲ್ಲಿ ಗಾಳಿ ಸೋರುತ್ತದೆ. ಹೋಸ್‌ಗಳ ಕ್ಲಾಂಪ್ ಸಡಿಲವಾಗಿರುತ್ತದೆ. ಜೋರಾಗಿ ಒತ್ತಿದಾಗ ಸುಯ್ ಎನ್ನುವ ಸದ್ದು, ಕಪ್ಪು ಎಣ್ಣೆ ಕಲೆ, ಸ್ಕ್ಯಾನರ್‌ನಲ್ಲಿ ಪಿ0299 ಕೋಡ್ (ಬೂಸ್ಟ್ ಕಡಿಮೆ ಎಂಬ ಸೂಚನೆ), ಇವು ಅದರ ಗುರುತು. ಲೀಕ್ ಮುಚ್ಚಿಸಿದರೆ ಹೊಸ ಇಂಟರ್‌ಕೂಲರ್ ಹಾಕಿದಷ್ಟೇ ಖುಷಿ ಕೊಡುವ ಕಾರುಗಳು ಬಹಳ ಇವೆ.

ಎಲ್ಲ ಅಳೆದು ನೋಡಿ ಹಾಕಿಸಿದ್ದೇನೆ. ಇನ್ನೇನು ಗಮನಿಸಬೇಕು?

ಮೊದಲ 500 ಕಿಮೀ ಆದ ಮೇಲೆ ಎಲ್ಲ ಕ್ಲಾಂಪ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಬಿಸಿ ತಣ್ಣಗೆ ಆಗಿ ಆಗಿ ಹೋಸ್ ಕೂತುಕೊಳ್ಳುತ್ತದೆ. ಎಸಿ ಮೊದಲಿನಷ್ಟೇ ತಂಪು ಕೊಡುತ್ತಿದೆಯಾ, ಎಂಜಿನ್ ಕೂಲಂಟ್‌ನ ತಾಪಮಾನ ಏರಿದೆಯಾ ನೋಡಿ. ಮೊದಲು ಅಳೆದ ಅದೇ ಏರಿನಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಮತ್ತೆ ಅಳೆಯಿರಿ. ಮೂರನೇ ಸಲದ ಕೊನೆಯ ತಾಪಮಾನ ಹತ್ತು ಡಿಗ್ರಿಗಿಂತ ಹೆಚ್ಚು ಇಳಿದಿದ್ದರೆ ಕೆಲಸ ಸರಿಯಾಗಿದೆ. ಹಳೆಯ ಇಂಟರ್‌ಕೂಲರ್, ಅದರ ಬ್ರಾಕೆಟ್ ಮತ್ತು ಬೋಲ್ಟ್‌ಗಳನ್ನು ಗ್ಯಾರೇಜ್‌ನಲ್ಲಿ ಬಿಡದೆ ಮನೆಗೆ ತನ್ನಿ. ಕಾರು ಮಾರುವಾಗ ಬೇಕಾಗುತ್ತವೆ.